ಕಿವಿಯಲ್ಲಿ ಮೂಡುವ ದೇವಿ

ದಸರೆಯಲ್ಲಿ ಘಟ ಕೂತ ದಿನದಿಂದ ನಮ್ಮ ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಯ ಸುತ್ತಲಿನ ಊರುಗಳಲ್ಲಿ ಸಂಜೆಯ ಕಳೆಯೇ ಬೇರೆ. ನೆಲ್ಲಿನ ಗದ್ದೆಯಿಂದ, ಹತ್ತಿಯ ಹೊಲದಿಂದ ಬಂದವರು ಕೈಕಾಲು ತೊಳೆದು, ಉಂಡು, ಗುಡಿಯ ಕಟ್ಟೆಗೆ ಬಂದು ಕೂಡುತ್ತಾರೆ. ‘ಪುರಾಣ ಹಚ್ಯಾರ’ ಎಂದರೆ ಸಾಕು, ಯಾವ ಪುರಾಣ ಎಂದು ಯಾರೂ ಕೇಳುವುದಿಲ್ಲ. ಅದು ಚಿದಾನಂದ ಅವಧೂತರ ದೇವಿ ಪುರಾಣ. ಒಬ್ಬರು ಭಾಮಿನಿ ಷಟ್ಪದಿಯನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಅವಧೂತರ ಹೆಸರಿನೊಂದಿಗೆ ಬೆಸೆದುಕೊಂಡ ಸಿದ್ಧಪರ್ವತ, ನಮ್ಮ ಬಾಯಲ್ಲಿ ಅಂಬಾಮಠ, ಇದೇ ತಾಲ್ಲೂಕಿನಲ್ಲಿದೆ. ಬನದ ಹುಣ್ಣಿಮೆಗೆ ಅಲ್ಲಿ ಅಂಬಾದೇವಿಯ ತೇರು.

ಈ ಕಥೆಯ ಮೂಲ ಸಂಸ್ಕೃತದ ದೇವಿ ಮಾಹಾತ್ಮ್ಯ. ಅದರ ಎರಡನೆಯ ಅಧ್ಯಾಯವನ್ನು ಶಿಲ್ಪಿಯ ಕಿವಿಯಿಂದ ಕೇಳಬೇಕು. ಮಹಿಷಾಸುರನಿಗೆ ಸೋತ ದೇವತೆಗಳ ಮೈಯಿಂದ ತೇಜಸ್ಸು ಹೊರಟು ಒಂದಾಗುತ್ತದೆ. ಶಿವನ ತೇಜಸ್ಸು ಮುಖವಾಯಿತು, ಯಮನದು ಕೂದಲು, ವಿಷ್ಣುವಿನದು ತೋಳುಗಳು, ಅಗ್ನಿಯದು ಮೂರು ಕಣ್ಣು, ಸಂಧ್ಯೆಯರದು ಹುಬ್ಬು. ಹಿಮವಂತ ಸಿಂಹ ಕೊಟ್ಟ, ಕುಬೇರ ಮದ್ಯದ ಪಾತ್ರೆ ಕೊಟ್ಟ. ಒಂದೊಂದೇ ಅಂಗ ಕೂಡಿಸಿ ವಿಗ್ರಹ ಮಾಡುವಂತೆಯೇ ಇದೆಯಲ್ಲ! ಉಳಿ ಹಿಡಿಯುವ ಮೊದಲೇ ಮಾತು ಮೂರ್ತಿಯನ್ನು ನಿಲ್ಲಿಸಿಬಿಟ್ಟಿದೆ. ಯಮನ ಪಾಲಿಗೆ ಕೂದಲು ಬಂದದ್ದು ನನಗೆ ಚಿಕ್ಕಂದಿನಿಂದಲೂ ಸೋಜಿಗ. ಅರ್ಥ ಹೇಳುವವರ ಬಾಯಲ್ಲಿ ಆ ಜಡೆ ಬಿಚ್ಚಿತೆಂದರೆ ಹಿಂದೆ ಕೂತ ನಾವು ಹುಡುಗರು ಅವ್ವನ ಸೆರಗು ಹಿಡಿಯುತ್ತಿದ್ದೆವು.

ಬಾದಾಮಿಯ ಮೊದಲನೆಯ ಗುಹೆಯಲ್ಲಿ ಚಾಲುಕ್ಯರ ಶಿಲ್ಪಿ ಆರನೆಯ ಶತಮಾನದಲ್ಲಿ ಕಡೆದ ಮಹಿಷಮರ್ದಿನಿ ಇದ್ದಾಳೆ. ನಾಲ್ಕೇ ಕೈ. ಕೋಣ ಪೂರಾ ಕೋಣವೇ. ಕೊಂಬಿನ ರಾಕ್ಷಸ ಇನ್ನೂ ಹೊರಗೆ ಬಂದಿಲ್ಲ. ಬಾಲ ಹಿಡಿದು ಎತ್ತಿ ತ್ರಿಶೂಲ ಚುಚ್ಚುವ ಆ ಕೈಯ ಪಳಗಿಕೆಯನ್ನು ದನ ಕಟ್ಟಿ ಬಲ್ಲವರು ಥಟ್ಟನೆ ಗುರುತಿಸುತ್ತಾರೆ.

ನಮ್ಮ ಮನೆಗಳ ಗೋಡೆಗೆ ಬಂದ ದೇವಿ ಬೇರೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಚಿತ್ರ ಅಗ್ಗಕ್ಕೆ ಸಿಕ್ಕವು. ಗುಡಿಯ ಹೊಸ್ತಿಲು ದಾಟಲು ಬಿಡದಿದ್ದ ಜನರ ಮನೆಗೂ ದೇವಿ ಬಂದಳು. ಅದು ಸಣ್ಣ ಮಾತಲ್ಲ. ಆದರೆ ಅಂದಿನಿಂದ ಎಲ್ಲ ದೇವಿಯರಿಗೂ ಒಂದೇ ಬಿಳಿ ಬಣ್ಣ, ಒಂದೇ ಗಲ್ಲ, ಒಂದೇ ನಗೆ. ಗೊಬ್ಬರದಂಗಡಿಯ ಕ್ಯಾಲೆಂಡರಿನ ದುರ್ಗೆ ತ್ರಿಶೂಲ ಹಿಡಿದು ಫೋಟೊಗೆ ನಿಂತಂತೆ ನಿಲ್ಲುತ್ತಾಳೆ. ಆಕೆಗೆ ಕೋಣನ ಮೇಲೆ ಸಿಟ್ಟೇ ಬಂದಿಲ್ಲ. ಪುರಾಣ ಕೇಳಿ ಕಂಡ ದೇವಿ ಹಾಗಲ್ಲ. ಕಟ್ಟೆಯ ಮೇಲೆ ನೂರು ಮಂದಿ ಕೂತರೆ ನೂರು ದೇವಿಯರು. ನನ್ನವಳು ನಮ್ಮ ಅಜ್ಜಿಯಷ್ಟು ಕಪ್ಪಗಿದ್ದಳು, ಅವಳ ಹಾಗೆಯೇ ಕಚ್ಚೆ ಉಟ್ಟಿದ್ದಳು.

ಅಜ್ಜಿಗೆ ಮಾತ್ರ ಇಷ್ಟೂ ಬೇಕಿರಲಿಲ್ಲ. ಎಳ್ಳಮವಾಸ್ಯೆಗೆ ಬುಟ್ಟಿ ಹೊತ್ತು ಹೊಲಕ್ಕೆ ಹೋದವಳು ಬದುವಿನಿಂದ ಐದು ಕಲ್ಲು ಆರಿಸಿ ಬನ್ನಿಗಿಡದ ಬುಡದಲ್ಲಿ ಇಡುತ್ತಿದ್ದಳು. ಸುಣ್ಣ ಬಳಿದು, ಕುಂಕುಮ ಹಚ್ಚಿ, ಸಜ್ಜೆ ಕಡುಬು ಎಡೆ ಮಾಡಿ, ಬೆಳೆಯೊಳಗೆ ಚರಗ ಚೆಲ್ಲುವಳು. ಮುಖವಿಲ್ಲ, ಕೈಯಿಲ್ಲ, ಆಯುಧವಿಲ್ಲ. ಮುಂದಿನ ಮಳೆಗೆ ಸುಣ್ಣ ತೊಳೆದು ಹೋಗುತ್ತಿತ್ತು, ಕಲ್ಲುಗಳು ಬದುವಿನಲ್ಲಿ ಸೇರಿಕೊಳ್ಳುತ್ತಿದ್ದವು. ಮರುವರ್ಷ ಆಕೆ ಬೇರೆ ಐದನ್ನು ಆರಿಸುತ್ತಿದ್ದಳು.