ದೇಹಸಾಧನೆಗೆ ಒಂದು ಘಳಿಗೆಯ ನಿಯಮ

ಆತ್ಮನು ಬೇರೆ, ದೇಹವು ಬೇರೆ ಎಂಬ ಭೇದವಿಜ್ಞಾನವು ಜಿನಧರ್ಮದ ತಿರುಳು. ಈ ಮಾತನ್ನು ಬಾಲ್ಯದಿಂದಲೂ ಕೇಳಿ ಬೆಳೆದ ಶ್ರಾವಕನಲ್ಲಿ ಕೆಲವೊಮ್ಮೆ ಒಂದು ತಪ್ಪು ಗ್ರಹಿಕೆ ಮೂಡುವುದುಂಟು. ದೇಹವು ತನ್ನದಲ್ಲವೆಂದ ಮೇಲೆ ಅದರ ಪಾಲನೆ ಏತಕ್ಕೆ, ವ್ಯಾಯಾಮವೆಂಬುದು ದೇಹಮೋಹವೇ ಅಲ್ಲವೆ ಎಂದು ಅವನು ಕೇಳುತ್ತಾನೆ. ಹಾಗೆ ಕೇಳುವವನು ಅದೇ ದೇಹಕ್ಕೆ ಹೊತ್ತುಹೊತ್ತಿಗೆ ಉಣಿಸುವುದನ್ನಾಗಲಿ, ಮಧ್ಯಾಹ್ನ ಮಲಗಿಸುವುದನ್ನಾಗಲಿ ಬಿಟ್ಟಿರುವುದಿಲ್ಲ. ಆದುದರಿಂದ ಆ ಪ್ರಶ್ನೆಯು ವೈರಾಗ್ಯದಿಂದ ಹುಟ್ಟಿದುದೋ ಆಲಸ್ಯದಿಂದ ಹುಟ್ಟಿದುದೋ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಪೂರ್ವಾಚಾರ್ಯರು ದೇಹವನ್ನು ಪೂಜಿಸಲಿಲ್ಲ, ಕಡೆಗಣಿಸಲೂ ಇಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ಲಕ್ಷಣವನ್ನು ಹೇಳುವಾಗ ಉತ್ತಮ ಸಂಹನನವುಳ್ಳವನನ್ನೇ ಅದಕ್ಕೆ ಅಧಿಕಾರಿಯನ್ನಾಗಿ ಗಣಿಸುತ್ತಾರೆ. ಸಂಹನನವೆಂದರೆ ಎಲುಬು ಕೀಲುಗಳ ಬಂಧದ ದೃಢತೆ. ಅದು ನಾಮಕರ್ಮದ ಫಲವಾದ್ದರಿಂದ ವ್ಯಾಯಾಮದಿಂದ ಬದಲಾಗತಕ್ಕದ್ದಲ್ಲ. ಆದರೂ ಚಿತ್ತದ ನಿಲುಗಡೆಗೆ ದೇಹದ ನಿಲುಗಡೆಯೂ ಬೇಕೆಂಬುದು ಅಲ್ಲಿ ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯನ್ನು ವಿಧಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೆಸರಿಸಿ, ಅವು ಪ್ರತೀಕಾರವಿಲ್ಲದವಾಗಿರಬೇಕೆಂಬ ಕಟ್ಟುಪಾಡನ್ನೂ ಇಟ್ಟಿದ್ದಾರೆ. ಪ್ರತೀಕಾರವಿರುವ ವ್ಯಾಧಿಗೆ ಪ್ರತೀಕಾರವನ್ನು ಮಾಡಿಕೊಳ್ಳಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ದೇಹವು ಧರ್ಮಸಾಧನೆಯ ಉಪಕರಣ. ಉಪಕರಣವನ್ನು ತುಕ್ಕು ಹಿಡಿಯಲು ಬಿಟ್ಟವನು ಉಪಕರಣದ ಮೋಹವನ್ನು ಗೆದ್ದವನೆನಿಸುವುದಿಲ್ಲ.

ಈ ವಿಚಾರವು ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಕಡೆಯ ಗೃಹಸ್ಥರಿಗೆ ವಿಶೇಷವಾಗಿ ಅನ್ವಯಿಸುತ್ತದೆ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯು ಗಣಿಗಾರಿಕೆಗೆ ಕೈಹಾಕಿದಂದಿನಿಂದ 2001ರಲ್ಲಿ ಗಣಿಗಳು ಮುಚ್ಚುವವರೆಗೆ ಆ ನೆಲದ ಬದುಕು ಮೈಮುರಿಯುವ ದುಡಿಮೆಯ ಬದುಕಾಗಿತ್ತು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಂದು ವ್ಯಾಯಾಮದ ಉಪದೇಶ ಯಾರಿಗೂ ಬೇಕಿರಲಿಲ್ಲ. ಗಣಿಗಳು ಮುಚ್ಚಿದ ಮೇಲೆ ಸಹಸ್ರಾರು ಮಂದಿ ಬೆಂಗಳೂರಿನ ಕೆಲಸಗಳಿಗೆ ರೈಲಿನಲ್ಲಿ ಹೋಗಿಬರತೊಡಗಿದರು. ಮಾರಿಕುಪ್ಪಂನಿಂದ ಹೊರಟ ಗಾಡಿಯು ಚಾಂಪಿಯನ್, ಊರ್ಗಾಂ, ಕೋರಮಂಡಲ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬೆಂಗಳೂರಿನ ಹಾದಿ ಹಿಡಿಯುತ್ತದೆ. ದಿನದ ಹಲವು ಗಂಟೆ ಗಾಡಿಯಲ್ಲಿ ಕುಳಿತು ಕಳೆಯುತ್ತದೆ. ಉಳಿದ ಹೊತ್ತು ಕಚೇರಿಯ ಕುರ್ಚಿಯಲ್ಲಿ. ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಅಂಗಡಿ ಇಟ್ಟವನದು ಮುಂಜಾನೆಯಿಂದ ಸಂಜೆಯವರೆಗೆ ಗಲ್ಲಾಪೆಟ್ಟಿಗೆಯ ಮುಂದಿನ ಆಸನ. ಮೈಗೆ ಕೆಲಸವಿಲ್ಲ, ದಣಿವು ಮಾತ್ರ ಇದೆ.

ಇದರಿಂದ ಆಗುವ ಹಾನಿಯು ವ್ರತಕ್ಕೇ ಬಂದು ತಟ್ಟುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಈ ಕಾಯಿಲೆಯು ಬಲಿತು, ಚುಚ್ಚುಮದ್ದಿಗೆ ತಕ್ಕಂತೆ ಉಣ್ಣಬೇಕಾದವನಿಗೆ ಅಷ್ಟಮಿ ಚತುರ್ದಶಿಗಳ ಉಪವಾಸವು ಕೈತಪ್ಪುತ್ತದೆ. ರಾತ್ರಿ ಸಕ್ಕರೆಯ ಅಂಶ ಇಳಿದು ಜೀವಕ್ಕೆ ಅಪಾಯವಾದಾಗ, ಹತ್ತಾರು ವರ್ಷ ಪಾಲಿಸಿದ ರಾತ್ರಿಭೋಜನ ತ್ಯಾಗವನ್ನು ಮುರಿದು ಬಾಯಿಗೆ ಬೆಲ್ಲ ಹಾಕಿಕೊಳ್ಳುವ ಪ್ರಸಂಗ ಬರುತ್ತದೆ. ಮಂಡಿ ಹಿಡಿದವನು ಸಾಮಾಯಿಕಕ್ಕೆ ನೆಲದಲ್ಲಿ ಕೂರಲಾರ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾರ. ಎಲ್ಲ ರೋಗವೂ ಆಲಸ್ಯದ ಫಲವಲ್ಲ. ಅಸಾತಾವೇದನೀಯದ ಉದಯಕ್ಕೆ ಯಾರೂ ಹೊರತಲ್ಲ. ಆದರೆ ತಡೆಯಬಹುದಾದುದನ್ನು ತಡೆಯದೆ ವ್ರತವನ್ನು ಕಳೆದುಕೊಳ್ಳುವುದು ಪ್ರಮಾದವೇ ಸರಿ.

ಇಷ್ಟನ್ನು ಬಲ್ಲವರೂ ವ್ಯಾಯಾಮವನ್ನು ಹಿಡಿದು ನಡೆಸಲಾರದೆ ಹೋಗುವುದೇಕೆ? 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ರೈಲುಗಳು ನಿಂತು ಜನರೆಲ್ಲ ಮನೆಯಲ್ಲೇ ಉಳಿಯಬೇಕಾಗಿ ಬಂದಾಗ ಎಷ್ಟೋ ಮನೆಗಳಲ್ಲಿ ದಂಡ, ಬಸ್ಕಿ, ಯೋಗಾಸನಗಳು ಆರಂಭವಾದವು. ಗಾಡಿಗಳು ಮತ್ತೆ ಓಡತೊಡಗಿದೊಡನೆ ಬಹಳ ಕಡೆ ಅವು ನಿಂತುಹೋದವು. ಆರಂಭದಲ್ಲಿ ಉತ್ಸಾಹವಿತ್ತು, ನಿಯಮವಿರಲಿಲ್ಲ. ಉತ್ಸಾಹವು ಹೊಳೆಯ ನೆರೆಯಂತೆ, ಮಳೆ ನಿಂತರೆ ಇಳಿದುಹೋಗುತ್ತದೆ. ನಿಯಮವು ಕೆರೆಯ ಏರಿಯಂತೆ, ಬಂದ ನೀರನ್ನು ಬೇಸಗೆಗೆ ಉಳಿಸಿಕೊಡುತ್ತದೆ.

ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಯಮಕ್ಕೂ ನಿಯಮಕ್ಕೂ ಇರುವ ಅಂತರವನ್ನು ಹೇಳಿದ್ದಾರೆ. ಜೀವವಿರುವವರೆಗೆ ಹಿಡಿದುದು ಯಮ. ಕಾಲದ ಮಿತಿಯಿಟ್ಟು ಹಿಡಿದುದು ನಿಯಮ. ಆ ಮಿತಿಯು ಒಂದು ಹಗಲಾಗಬಹುದು, ಒಂದು ರಾತ್ರಿಯಾಗಬಹುದು, ಪಕ್ಷ, ಮಾಸ, ಋತು, ಅಯನಗಳಾಗಬಹುದು. ವ್ಯಾಯಾಮವನ್ನು ತೊಡಗುವವನು ಸಾಮಾನ್ಯವಾಗಿ ಎಸಗುವ ತಪ್ಪು ಇಲ್ಲಿಯೇ ಇದೆ. ಇನ್ನು ಮುಂದೆ ಎಂದೆಂದಿಗೂ ಬಿಡಲಾರೆನೆಂದು ಯಮದ ಮಾತನ್ನು ಆಡಿ, ನಿಯಮದ ಶಕ್ತಿಯೂ ಇಲ್ಲದೆ ಹತ್ತನೆಯ ದಿನಕ್ಕೆ ಸೋಲುತ್ತಾನೆ. ಕನ್ನಡ ನಾಡಿನ ಶ್ರಾವಿಕೆಯರು ನೋಂಪಿಗಳನ್ನು ನಡೆಸಿಕೊಂಡು ಬಂದ ರೀತಿಯನ್ನು ನೋಡಿದರೆ ಇದರ ಮರ್ಮ ತಿಳಿಯುತ್ತದೆ. ನೋಂಪಿಗೆ ತಿಥಿಯುಂಟು, ಎಣಿಕೆಯುಂಟು, ಕೊನೆಗೆ ಉದ್ಯಾಪನೆಯುಂಟು. ಕೊನೆ ಕಾಣುವ ದಾರಿಯನ್ನು ಕಾಲು ನಡೆಯುತ್ತದೆ.

ಎಷ್ಟು ಕಾಲದ ಮಿತಿ ಇಟ್ಟುಕೊಳ್ಳಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನಗಳ ಅಂದಾಜು ಬಂತು. ಆಚಾರ್ಯರು ಹೇಳಿದ ಋತುವೆಂಬ ಮಿತಿಯು ಎರಡು ತಿಂಗಳು. ಆದುದರಿಂದ ಒಂದು ಋತುವಿನ ನಿಯಮವನ್ನು ಹಿಡಿದು, ಅದು ಮುಗಿದ ಮೇಲೆ ಮತ್ತೊಂದು ಋತುವಿಗೆ ನವೀಕರಿಸುವುದು ಗೃಹಸ್ಥನಿಗೆ ಸುಲಭವೂ ಸಮಂಜಸವೂ ಆದ ಕ್ರಮ.

ಇನ್ನು ನಿಯಮವು ಸಡಿಲುವ ಬಗೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಅನಾದರ ಮತ್ತು ಸ್ಮೃತ್ಯನುಪಸ್ಥಾನ ಎಂಬೆರಡು ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಸಮಾನವಾಗಿ ಬಂದಿವೆ. ಅನಾದರವೆಂದರೆ ಕೈಗೊಂಡುದರಲ್ಲಿ ಆದರವಿಲ್ಲದಿರುವುದು. ಸ್ಮೃತ್ಯನುಪಸ್ಥಾನವೆಂದರೆ ನೆನಪು ನಿಲ್ಲದಿರುವುದು. ದಿನದಿನವೂ ಮನೆಯಲ್ಲಿ ಏಕಾಂತವಾಗಿ ಮಾಡಬೇಕಾದ ಯಾವ ಸಾಧನೆಯನ್ನೂ ಕೆಡಿಸುವವು ಇವೆರಡೇ. ಗರಡಿಮನೆಯಲ್ಲಿ ಗುರುವಿನ ಕಣ್ಣಿದೆ, ಜೊತೆಗಾರರ ನಾಚಿಕೆಯಿದೆ. ಮನೆಯಲ್ಲಿ ಸಾಮು ತೆಗೆಯುವವನಿಗೆ ಅವೆರಡೂ ಇಲ್ಲ. ಕೈ ಬೀಸುತ್ತಾ ಮಾತನಾಡುವುದು, ಎಣಿಕೆಯನ್ನು ಅರ್ಧಕ್ಕೆ ಬಿಟ್ಟು ಫೋನನ್ನು ನೋಡುವುದು, ನಾಳೆ ಎರಡರಷ್ಟು ಮಾಡಿದರಾಯಿತೆನ್ನುವುದು, ಇವೆಲ್ಲ ಅನಾದರದ ರೂಪಗಳು. ಮರೆವಿಗೆ ಮದ್ದು, ಎಂದೂ ಮರೆಯದ ಕಾರ್ಯವೊಂದರ ಬೆನ್ನಿಗೆ ಇದನ್ನು ಕಟ್ಟುವುದು. ಮುಂಜಾನೆಯ ಣಮೋಕಾರ ಜಪವು ಮುಗಿದೊಡನೆ, ಸ್ನಾನಕ್ಕೆ ಮುನ್ನ, ಅದೇ ಸ್ಥಳದಲ್ಲಿ ಎಂದು ಗೊತ್ತುಮಾಡಿಕೊಂಡರೆ ಒಂದರ ನೆನಪು ಮತ್ತೊಂದನ್ನು ಎಳೆದು ತರುತ್ತದೆ.

ಬಿಡದೆ ನಡೆಸುವುದರ ಬೆಲೆ ಏನೆಂಬುದಕ್ಕೆ ಗಣಿಗಳಿಗಿಂತ ಹತ್ತಿರದ ದೃಷ್ಟಾಂತ ಆ ನೆಲದಲ್ಲಿ ಬೇರೊಂದಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿ ಸುಮಾರು 800 ಟನ್ ಚಿನ್ನ ದೊರೆತದ್ದು ಒಂದೊಂದು ಟನ್ ಕಲ್ಲಿನಿಂದ ಗ್ರಾಂಗಳ ಲೆಕ್ಕದಲ್ಲಿ. ಪುಡಿಗೈದ ಕಲ್ಲು ಇಂದಿಗೂ ಸೈನೈಡ್ ಗುಡ್ಡಗಳಾಗಿ ನಿಂತಿದೆ. ಆಳದ ಗಣಿಯೊಳಕ್ಕೆ ಒಸರುವ ನೀರನ್ನು ಪಂಪುಗಳು ಮೇಲೆತ್ತಿ ಹೊರಹಾಕುತ್ತಿದ್ದವು. ಗಣಿಗಳು ಮುಚ್ಚಿ ಪಂಪುಗಳು ನಿಂತ ಮೇಲೆ ಯಾರೂ ನೀರನ್ನು ತಂದು ಸುರಿಯಲಿಲ್ಲ. ತಾನಾಗಿ ಒಸರಿದ ನೀರೇ ಸುರಂಗಗಳನ್ನು ತುಂಬಿಕೊಂಡಿತು. ಆಸ್ರವದ ಸ್ವರೂಪವೇ ಹೀಗೆ. ಕರ್ಮವು ಒಳಬರಲು ವಿಶೇಷ ಪ್ರಯತ್ನ ಬೇಕಿಲ್ಲ; ಎಚ್ಚರ ತಪ್ಪಿದರೆ ಸಾಕು. ದೇಹದ ಜಡತೆಯೂ ಅಂತೆಯೇ ಒಸರುತ್ತದೆ. ಒಂದು ದಿನದ ಒಸರು ಕಣ್ಣಿಗೆ ಕಾಣದು; ಒಂದು ವರ್ಷದ ಒಸರನ್ನು ಒಂದು ದಿನದಲ್ಲಿ ಎತ್ತಲಾಗದು.

ಹಾಗಿದ್ದರೂ ನಿಯಮ ತಪ್ಪುವ ದಿನ ಬಂದೇ ಬರುತ್ತದೆ. ಜ್ವರ ಬರಬಹುದು, ಬಂಧುಗಳು ಬರಬಹುದು, ಬೆಳಗಿನ ಗಾಡಿ ಹಿಡಿಯುವ ಅವಸರವಿರಬಹುದು. ಆಗ ವಿವೇಕ ಬೇಕು. ಅಮಿತಗತಿ ಆಚಾರ್ಯರು ಸಾಮಾಯಿಕ ಪಾಠದಲ್ಲಿ ದೋಷಗಳಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮನಸ್ಸಿನ ಶುದ್ಧಿ ಕದಡುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯಗಳಲ್ಲಿ ತೊಡಗುವುದು ಅತಿಚಾರ. ಅವುಗಳಲ್ಲಿ ಅತ್ಯಾಸಕ್ತನಾಗಿ ಮುಳುಗುವುದು ಅನಾಚಾರ. ವ್ರತಗಳನ್ನು ಕುರಿತ ಈ ಕ್ರಮವನ್ನು ಇಲ್ಲಿಗೂ ಹೊಂದಿಸಿ ನೋಡಬಹುದು. ಇಂದು ಬೇಡವೆಂಬ ಯೋಚನೆ ಮೊದಲನೆಯದು. ಎದ್ದವನು ಮತ್ತೆ ಹೊದ್ದು ಮಲಗುವುದು ಎರಡನೆಯದು. ದಿನ ತಪ್ಪಿಹೋಗುವುದು ಮೂರನೆಯದು. ತಪ್ಪಿದ್ದು ತಪ್ಪಿತು, ಇನ್ನೇಕೆ ಎಂದು ಕೈಬಿಡುವುದು ನಾಲ್ಕನೆಯದು. ಮೂರನೆಯ ಮೆಟ್ಟಿಲಲ್ಲಿ ನಿಂತವನು ಹಿಂದಿರುಗಬಲ್ಲನು. ಹೆಚ್ಚಿನವರು ಕೆಡುವುದು ಮೂರರಿಂದ ನಾಲ್ಕಕ್ಕೆ ಇಳಿಯುವಾಗ. ಮೇಲೆ ಹೇಳಿದ ಲಂಡನ್ನಿನ ಅಧ್ಯಯನದಲ್ಲಿಯೂ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆ ಬರಲಿಲ್ಲ. ಶಾಸ್ತ್ರವು ಆಲೋಚನೆ, ಪ್ರತಿಕ್ರಮಣಗಳಿಂದ ತೊಡಗಿ ಉಪಸ್ಥಾಪನೆಯವರೆಗೆ ಒಂಬತ್ತು ಪ್ರಾಯಶ್ಚಿತ್ತಗಳನ್ನು ಹೇಳಿರುವುದು, ಜಾರಿದವನು ಮತ್ತೆ ನೆಲೆಗೊಳ್ಳಲೆಂದೇ. ತಪ್ಪಿದ ದಿನವನ್ನು ಸಂಜೆ ನೆನೆದು ಒಪ್ಪಿಕೊಂಡು, ಮರುದಿನ ಎಂದಿನಷ್ಟನ್ನೇ ಮಾಡತಕ್ಕದ್ದು. ಹಠದಿಂದ ಎರಡರಷ್ಟು ಮಾಡಿದರೆ ಮೈನೋವಿನಿಂದ ಮೂರನೆಯ ದಿನವೂ ತಪ್ಪುತ್ತದೆ.

ಪ್ರಮಾಣದ ವಿಷಯದಲ್ಲಿ ಷೋಡಶಕಾರಣ ಭಾವನೆಗಳಲ್ಲಿ ಬರುವ ಶಕ್ತಿತಸ್ತಪವೇ ಮಾರ್ಗದರ್ಶಿ. ಶಕ್ತಿಯನ್ನು ಬಚ್ಚಿಡಲೂ ಬಾರದು, ಮೀರಲೂ ಬಾರದು. ದಿನಕ್ಕೆ ಒಂದು ಘಳಿಗೆ, ಅಂದರೆ 24 ನಿಮಿಷ ಸಾಕು. ಅಷ್ಟಮಿ ಚತುರ್ದಶಿಗಳನ್ನು ಬಿಟ್ಟರೆ ಪಕ್ಷಕ್ಕೆ 13 ದಿನ; ಒಟ್ಟು 312 ನಿಮಿಷ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದೂ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದುದಕ್ಕೆ ಇದು ಬಹುಮಟ್ಟಿಗೆ ಸರಿಹೊಂದುತ್ತದೆ. ನಿಂತಲ್ಲೇ ಬಿರುಸಾಗಿ ಹೆಜ್ಜೆ ಹಾಕುವುದು, ಬಸ್ಕಿ, ಗೋಡೆಗೆ ಇಲ್ಲವೆ ನೆಲಕ್ಕೆ ಕೈಯೂರಿ ದಂಡ, ಕುರ್ಚಿಯಿಂದ ಕೈಯೂರದೆ ಏಳುವುದು, ಕೊನೆಗೆ ಉಸಿರು ಸಮವಾಗುವವರೆಗೆ ಕಾಯೋತ್ಸರ್ಗದ ನಿಲುವು. ಸಲಕರಣೆಗಳು ಬೇಕಿಲ್ಲ. ನೋಡದೆ, ಗುಡಿಸದೆ ಹಾಸುವುದು ಪ್ರೋಷಧದ ಅತಿಚಾರವೆಂದು ಹೇಳಿರುವಂತೆಯೇ, ಇಲ್ಲಿಯೂ ನೆಲವನ್ನು ಕಣ್ಣಿಟ್ಟು ನೋಡಿ, ಮೆತ್ತಗೆ ಗುಡಿಸಿ ಚಾಪೆ ಹಾಸತಕ್ಕದ್ದು. ಇರುವೆಯನ್ನು ತುಳಿದು ಬೆಳೆಸಿದ ಬಲವು ಶ್ರಾವಕನಿಗೆ ಭೂಷಣವಲ್ಲ.

ಉಪವಾಸದ ದಿನ ಆರಂಭಗಳನ್ನೂ ಸ್ನಾನಾಲಂಕಾರಗಳನ್ನೂ ಬಿಡಬೇಕೆಂದು ಸಮಂತಭದ್ರರು ಹೇಳಿರುವುದರಿಂದ ಅಂದು ವ್ಯಾಯಾಮಕ್ಕೂ ಬಿಡುವು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಏಕಭುಕ್ತರಾಗಿರುವವರು ಶ್ರಮವನ್ನು ಅರ್ಧಕ್ಕಿಳಿಸುವುದು ಒಳ್ಳೆಯದು. ಹೃದ್ರೋಗ, ಸಕ್ಕರೆ ಕಾಯಿಲೆಗಳಿದ್ದವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ತೊಡಗಬೇಕು. ಬಲಕ್ಕೆ ಮೊಟ್ಟೆ ಬೇಕು, ಮೈ ಇಳಿಯಲು ಜೇನು ಬೇಕೆಂಬ ಮಾತುಗಳಿಗೆ ಕಿವಿಗೊಡಬೇಕಾದ್ದಿಲ್ಲ. ಕೋಲಾರದ ಸೀಮೆಯಲ್ಲಿ ಬೆಳೆಯುವ ರಾಗಿ, ಹುರುಳಿ, ಅವರೆ, ತೊಗರಿಗಳೂ ಮನೆಯ ಹಾಲು ಮಜ್ಜಿಗೆಗಳೂ ಸಾಕು. ರಾತ್ರಿ ಗಾಡಿಯಲ್ಲಿ ಮರಳುವವನು ಸೂರ್ಯಾಸ್ತಕ್ಕೆ ಮುನ್ನವೇ ಬುತ್ತಿಯನ್ನು ಬಿಚ್ಚಿ ಉಣ್ಣುವ ಕ್ರಮವನ್ನು ಇಟ್ಟುಕೊಂಡರೆ ಬೆಳಗಿನ ಘಳಿಗೆಗೆ ಮೈ ಹಗುರವಾಗಿರುತ್ತದೆ.

ಕೊನೆಯದಾಗಿ ಗುರಿಯ ಮಾತು. ಇಷ್ಟು ದಿನಕ್ಕೆ ಇಷ್ಟು ತೂಕ ಇಳಿಯಬೇಕು, ತೋಳು ಇಷ್ಟು ದಪ್ಪವಾಗಬೇಕು ಎಂದು ಫಲಕ್ಕೆ ಹಂಬಲಿಸಿ ತೊಡಗಿದವನು ಫಲ ತಡವಾದಾಗ ಬಿಡುತ್ತಾನೆ. ಬೇಗ ದೊರೆತಾಗ ಬೀಗುತ್ತಾನೆ. ಫಲದ ಹಂಬಲವನ್ನು ಶಾಸ್ತ್ರವು ನಿದಾನಶಲ್ಯವೆಂದು ಕರೆದು, ಶಲ್ಯವಿಲ್ಲದವನೇ ವ್ರತಿಯೆಂದು ಸಾರಿದೆ. ಎಂಟು ಮದಗಳಲ್ಲಿ ಬಲಮದವೂ ಇದೆ, ಶರೀರಮದವೂ ಇದೆ. ಬಾಹುಬಲಿಸ್ವಾಮಿಯು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಅಣ್ಣನನ್ನು ಗೆದ್ದ ಬಲವನ್ನು ರಾಜ್ಯಕ್ಕಾಗಿ ಬಳಸಲಿಲ್ಲ. ಒಂದು ವರ್ಷ ಬಳ್ಳಿಗಳು ಮೈಗೆ ಹಬ್ಬುವಂತೆ ಅಲುಗದೆ ನಿಲ್ಲಲು ಬಳಸಿದನು. ವ್ಯಾಯಾಮವು ತಪಸ್ಸಲ್ಲ, ಅದರಿಂದಲೇ ನಿರ್ಜರೆಯಾಗದು. ಆದರೆ ಮುಂದಿನ ಪರ್ವದ ಉಪವಾಸವನ್ನು ತಡೆದುಕೊಳ್ಳುವ, ಎರಡು ಘಳಿಗೆ ಅಲುಗದೆ ಸಾಮಾಯಿಕಕ್ಕೆ ಕೂರುವ, ಮುನಿಗಳ ವೈಯಾವೃತ್ಯಕ್ಕೂ ಮನೆಯ ವೃದ್ಧರ ಸೇವೆಗೂ ಒದಗುವ ದೇಹ ಸಿದ್ಧವಾಗುತ್ತದೆ. ಶ್ರಾವಕನಿಗೆ ತಕ್ಕ ಗುರಿ ಇದೊಂದೇ.

ಶ್ರಾವಕ ಶ್ರಾವಿಕೆಯರು ಬರುವ ಪ್ರತಿಪದೆಯಂದು ಜಿನಬಿಂಬದ ಮುಂದೆ, ಬಸದಿ ದೂರವಿದ್ದರೆ ಮನೆಯಲ್ಲೇ ಪಂಚಪರಮೇಷ್ಠಿಗಳನ್ನು ಸ್ಮರಿಸಿ, ಒಂದು ಋತುವಿನ ಮಿತಿಯಿಟ್ಟು ಒಂದು ಘಳಿಗೆಯ ನಿಯಮವನ್ನು ಕೈಗೊಳ್ಳಲಿ. ಹಿಡಿದುದು ಚಿಕ್ಕದಾದರೂ ಆದರದಿಂದ ನಡೆಯಲಿ. ತಪ್ಪಿದರೂ ಮರುದಿನ ನೆಲೆಗೊಳ್ಳಲಿ. ಸರ್ವಜೀವರಿಗೂ ಆರೋಗ್ಯಬೋಧಿಗಳ ಲಾಭವಾಗಲಿ.