ನೆನಪಿಗೆ ಸಾಕ್ಷಿ ಯಾರು?

ಕಂಪ್ಯೂಟರಿನ ರ‍್ಯಾಮ್ ಕೆಟ್ಟರೆ ಅದು ತಾನಾಗಿ ಹೇಳಿಕೊಳ್ಳುವುದಿಲ್ಲ. ಪರದೆ ಇದ್ದಕ್ಕಿದ್ದಂತೆ ನೀಲಿಗೆ ತಿರುಗುತ್ತದೆ, ಕಾಪಿ ಮಾಡಿದ ದೊಡ್ಡ ಫೈಲು ಮೂಲದೊಂದಿಗೆ ತಾಳೆಯಾಗುವುದಿಲ್ಲ, ಪ್ರೋಗ್ರಾಂ ಇವತ್ತು ಒಂದು ಕಡೆ ಕುಸಿದರೆ ನಾಳೆ ಇನ್ನೊಂದು ಕಡೆ ಕುಸಿಯುತ್ತದೆ. ಅನುಮಾನ ಮೊದಲು ವೈರಸ್ಸಿನ ಮೇಲೆ ಹೋಗುತ್ತದೆ, ಆಮೇಲೆ ಸಾಫ್ಟ್‌ವೇರಿನ ಮೇಲೆ, ಕಟ್ಟಕಡೆಗೆ ಮೆಮೊರಿಯ ಮೇಲೆ. ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿದಾಗ ಹೊರಬರುವ ತಪ್ಪು ಸಂಖ್ಯೆ ಸರಿಯಾದ ಸಂಖ್ಯೆಯಷ್ಟೇ ಅಚ್ಚುಕಟ್ಟಾಗಿರುತ್ತದೆ. ಪ್ರೊಸೆಸರ್ ಎರಡನ್ನೂ ಒಂದೇ ವಿಶ್ವಾಸದಿಂದ ಎತ್ತಿಕೊಳ್ಳುತ್ತದೆ. ಹಾಗಾದರೆ ಒಂದು ಅರಿವು ಸರಿ ಎಂಬುದು ಅದರಿಂದಲೇ ಗೊತ್ತಾಗುತ್ತದೆಯೋ, ಹೊರಗಿನ ಇನ್ನೊಂದರಿಂದಲೋ? ಭಾರತೀಯ ದರ್ಶನಗಳು ಪ್ರಾಮಾಣ್ಯವಾದ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಜಗಳಾಡಿದ ಪ್ರಶ್ನೆ ಇದು. ನ್ಯಾಯದರ್ಶನದವರಾದ ನೈಯಾಯಿಕರು ಹೊರಗಿನಿಂದ ಎಂದರು. ಮೀಮಾಂಸಕ ಕುಮಾರಿಲ ಭಟ್ಟ, ಅರಿವು ಸ್ವತಃ ಪ್ರಮಾಣ, ಅದು ತಪ್ಪೆಂಬುದು ಮಾತ್ರ ಹೊರಗಿನಿಂದ ತಿಳಿಯತಕ್ಕದ್ದು ಎಂದ. ಕೆಟ್ಟ ಮೆಮೊರಿಯನ್ನು ಪತ್ತೆಹಚ್ಚುವ ಕ್ರಮವನ್ನು ಗಮನಿಸಿದರೆ ಕುಮಾರಿಲನ ಪಕ್ಷವೇ ಗಟ್ಟಿ ಎನಿಸುತ್ತದೆ. ಆದರೆ ಆ ಪಕ್ಷ ನಂಬುವವನ ತಲೆಯ ಮೇಲೆ ಒಂದು ಹೊಣೆಯನ್ನೂ ಹೊರಿಸುತ್ತದೆ ಎಂಬುದು ನನ್ನ ವಾದ.

ಅರಿವು ತಪ್ಪೆಂದು ತಿಳಿಯಲು ಕುಮಾರಿಲ ಎರಡು ದಾರಿಗಳನ್ನು ಒಪ್ಪುತ್ತಾನೆ: ಅದನ್ನು ತಳ್ಳಿಹಾಕುವ ಬಾಧಕ ಜ್ಞಾನ, ಮತ್ತು ಅದನ್ನು ಹುಟ್ಟಿಸಿದ ಕರಣದಲ್ಲೇ ದೋಷವಿದೆ ಎಂಬ ಅರಿವು. ತಾಳೆಯಾಗದ ಫೈಲು ಬಾಧಕ. ಕರಣದೋಷಕ್ಕೆ ಮೆಮೊರಿಯಲ್ಲಿ ಬರವಿಲ್ಲ. ಡಿರ‍್ಯಾಮ್‌ನ ಒಂದೊಂದು ಕೋಶವೂ ಸೋರುವ ಪುಟ್ಟ ಕೆಪಾಸಿಟರ್. ಅದರ ವಿದ್ಯುದಂಶವನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬದಿದ್ದರೆ ಅದು ಹಿಡಿದಿಟ್ಟದ್ದು ಅಳಿದುಹೋಗುತ್ತದೆ. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ‍್ರೆ ವುಡ್ಸ್, ಚಿಪ್ಪಿನ ಹೊರಕವಚದಲ್ಲಿ ಲೇಶಮಾತ್ರವಿದ್ದ ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಆಲ್ಫಾ ಕಣಗಳೇ ಬಿಟ್ ಮಗುಚಬಲ್ಲವು ಎಂದು ತೋರಿಸಿದರು. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವಂತೂ ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ಮೆಮೊರಿ ಮಾಡ್ಯೂಲ್‌ಗಳಲ್ಲಿ ದೋಷ ಕಂಡಿತು. ಇಷ್ಟೆಲ್ಲ ಗೊತ್ತಿದ್ದೂ ಯಾವ ಯಂತ್ರವೂ ಪ್ರತಿ ಓದನ್ನೂ ಅನುಮಾನಿಸುತ್ತ ಕೂರುವುದಿಲ್ಲ. ಕೂತರೆ ಅದರಿಂದ ಒಂದು ಕೂಡುವ ಲೆಕ್ಕವೂ ಆಗದು.

ಮೆಮೊರಿ ಪರೀಕ್ಷೆಯ ಸ್ವರೂಪವೂ ಕುಮಾರಿಲನ ಮಾತನ್ನೇ ಹೇಳುತ್ತದೆ. ಮೆಮ್‌ಟೆಸ್ಟ್86 ಥರದ ಪ್ರೋಗ್ರಾಂ ಪ್ರತಿ ವಿಳಾಸಕ್ಕೂ ಗೊತ್ತಾದ ವಿನ್ಯಾಸಗಳನ್ನು ಬರೆದು, ಮರಳಿ ಓದಿ ಹೋಲಿಸುತ್ತದೆ. ಒಂದೇ ಒಂದು ವ್ಯತ್ಯಾಸ ಸಿಕ್ಕರೂ ಎಲ್ಲೋ ದೋಷವಿರುವುದು ಖಚಿತ; ನಾಲ್ಕು ಸುತ್ತು ಮುಗಿದು ಏನೂ ಸಿಗದಿದ್ದರೆ, ಏನೂ ಸಿಗಲಿಲ್ಲ ಎಂದಷ್ಟೇ ಅರ್ಥ. ಮೆಮೊರಿ ಸರಿ ಎಂಬ ಸರ್ಟಿಫಿಕೇಟು ಯಾರೂ ಕೊಡುವುದಿಲ್ಲ. ಮೇಲಾಗಿ ಆ ಪರೀಕ್ಷಕ ಪ್ರೋಗ್ರಾಮೂ ವಾಸಿಸುವುದು ಅದೇ ಮೆಮೊರಿಯಲ್ಲಿ. ತಾನು ಕೂತ ಜಾಗವನ್ನು ಪರೀಕ್ಷಿಸಲು ಅದು ಬೇರೆ ಜಾಗಕ್ಕೆ ಎದ್ದುಹೋಗಬೇಕು. ಮುಂದಿನ ಹೆಜ್ಜೆ ನಮ್ಮ ತರ್ಕಶಾಸ್ತ್ರದ ಅನ್ವಯ–ವ್ಯತಿರೇಕವೇ. ಒಂದು ಮಾಡ್ಯೂಲ್ ಇದ್ದಾಗ ದೋಷವಿದೆಯೇ, ತೆಗೆದಾಗ ಇಲ್ಲವೇ? ಅದೇ ಮಾಡ್ಯೂಲನ್ನು ಇನ್ನೊಂದು ಸ್ಲಾಟಿಗೆ ಹಾಕಿದರೆ ದೋಷ ಅದರ ಬೆನ್ನಿಗೇ ಹೋಗುತ್ತದೆಯೇ, ಹಳೆಯ ಸ್ಲಾಟಿನಲ್ಲೇ ಉಳಿಯುತ್ತದೆಯೇ? ಬೆನ್ನಿಗೆ ಹೋದರೆ ಬದಲಾಯಿಸಬೇಕಾದದ್ದು ಮಾಡ್ಯೂಲ್. ಉಳಿದರೆ ಮದರ್‌ಬೋರ್ಡನ್ನು ನೋಡಬೇಕು. ವೇಗದ ಸೆಟಿಂಗ್ ಇಳಿಸಿದೊಡನೆ ಎಲ್ಲವೂ ಸರಿಹೋದರೆ ಕಾರಣ ಬೇರೆಯೇ ಇರಬಹುದು. ಪ್ರತಿ ಹೆಜ್ಜೆಯಲ್ಲೂ ಒಂದನ್ನು ಅನುಮಾನಿಸಲು ಉಳಿದದ್ದನ್ನು ನಂಬಲೇಬೇಕು. ಎಲ್ಲವನ್ನೂ ಒಟ್ಟಿಗೆ ಶಂಕಿಸುವವನು ಯಾವ ಮಾಡ್ಯೂಲನ್ನೂ ಕೀಳಲಾರ.

ನೈಯಾಯಿಕ ಇಲ್ಲಿ ಎರಡು ಆಕ್ಷೇಪ ಎತ್ತಬಹುದು. ಮೊದಲನೆಯದು, ಸರ್ವರ್‌ಗಳಲ್ಲಿರುವ ದೋಷ ತಿದ್ದುವ ಇಸಿಸಿ ಮೆಮೊರಿ ಪ್ರತಿ ಓದನ್ನೂ ಹೊರಗಿನ ಸಾಕ್ಷ್ಯದಿಂದ ಪರಿಶೀಲಿಸುತ್ತದಲ್ಲ? ನಿಜ. ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಉಪಾಯವನ್ನು ಬೆಳೆಸಿ, 64 ಬಿಟ್‌ಗಳಿಗೆ 8 ಕಾವಲು ಬಿಟ್‌ಗಳನ್ನು ಜೋಡಿಸುತ್ತಾರೆ. ಒಂದು ಬಿಟ್ ತಪ್ಪಿದರೆ ತಿದ್ದಬಹುದು, ಎರಡು ತಪ್ಪಿದರೆ ಗುರುತಿಸಬಹುದು. ಆದರೆ ಆ ಎಂಟು ಬಿಟ್‌ಗಳೂ ಅದೇ ಜಾತಿಯ ಚಿಪ್ಪಿನಲ್ಲೇ ಇರುತ್ತವೆ, ಇಡೀ ಏರ್ಪಾಡಿನ ಮೇಲೆ ಇನ್ನೊಂದು ಕಾವಲು ಸಾಲು ಇಲ್ಲ. ಮೂರು ಬಿಟ್ ಒಟ್ಟಿಗೆ ತಪ್ಪಿದರೆ ಈ ಏರ್ಪಾಡೂ ಮೋಸಹೋಗಬಹುದು. ಕಾವಲು ಬಿಟ್‌ಗಳು ಓದನ್ನು ಸತ್ಯವೆಂದು ಸಾಬೀತುಪಡಿಸುವುದಿಲ್ಲ. ವಿರೋಧ ಕಂಡಾಗ ಕೂಗುತ್ತವೆ, ಕಾಣದಿದ್ದರೆ ಸುಮ್ಮನಿರುತ್ತವೆ. ಎರಡನೆಯ ಆಕ್ಷೇಪ, ಫಲ ನೀಡಿದ ಪ್ರವೃತ್ತಿಯೇ ಅರಿವಿನ ಸತ್ಯಕ್ಕೆ ಪ್ರಮಾಣ ಎಂಬುದು. ಆದರೆ ಫಲ ಸಿಕ್ಕಿತು ಎಂಬುದೂ ಒಂದು ಅರಿವೇ. ಅದಕ್ಕೂ ಪ್ರಮಾಣ ಕೇಳಿದರೆ ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಣಿ, ತಪ್ಪದು. ಮೂರು ನಾಲ್ಕು ಜ್ಞಾನಗಳಾಚೆ ಹುಡುಕುವ ಅಗತ್ಯವಿಲ್ಲ ಎಂದು ಕುಮಾರಿಲ ಹೇಳಿದ್ದು ಸೋಮಾರಿತನದಿಂದಲ್ಲ. ಕಾರಣವಿಲ್ಲದೆ ಮುಂದುವರಿಯುವ ಶಂಕೆ ಪರೀಕ್ಷೆಯಾಗಿ ಉಳಿಯುವುದಿಲ್ಲ.

ಇನ್ನೊಂದು ತಕರಾರು ನೆನಪಿನ ಸ್ಥಾನಮಾನದ ಬಗ್ಗೆ. ನ್ಯಾಯ, ಮೀಮಾಂಸೆಗಳೆರಡೂ ಸ್ಮೃತಿಯನ್ನು ಪ್ರಮಾಣದ ಪಂಕ್ತಿಯಿಂದ ಎಬ್ಬಿಸುತ್ತವೆ. ಹಿಂದೆ ತಿಳಿದದ್ದನ್ನೇ ಅದು ಮತ್ತೆ ಹೇಳುತ್ತದೆ ಎಂಬುದು ಒಂದು ಕಾರಣ. ಈ ಸಾಲಿಗೆ ಸೇರದವರು ಜೈನ ತಾರ್ಕಿಕ ಅಕಲಂಕ ಮತ್ತು ಉಡುಪಿಯ ಮಧ್ವಾಚಾರ್ಯರು. ಇಬ್ಬರೂ ಸ್ಮೃತಿಯನ್ನು ಪ್ರಮಾಣವೆಂದರು, ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಮಧ್ವಮತವನ್ನು ಕ್ರಮವಾಗಿ ನಿರೂಪಿಸಿದರು. ಯಂತ್ರದ ಉದಾಹರಣೆ ಇವರ ಕಡೆ ವಾಲುತ್ತದೆ. ಕೀಬೋರ್ಡಿನಿಂದ ಈಗಷ್ಟೇ ಬಂದ ಅಕ್ಷರವೂ ಬಳಕೆಗೆ ಸಿಗುವುದು ಮೆಮೊರಿಯ ಮೂಲಕ. ಹೊಸ ಅನುಭವ ಮತ್ತು ಹಳೆಯ ನೆನಪು ಎಂದು ಗೆರೆ ಎಳೆಯಲು ಜಾಗವೇ ಇಲ್ಲ. ಉದ್ದದ ಒಂದು ವಾದವನ್ನು ಹಿಂಬಾಲಿಸುವ ಮನುಷ್ಯನೂ ಮೊದಲ ಹೆಜ್ಜೆಯನ್ನು ನೆನಪಿನಿಂದಲೇ ಹಿಡಿದಿಟ್ಟುಕೊಳ್ಳುತ್ತಾನೆ. ಸಾದೃಶ್ಯಕ್ಕೆ ಮಿತಿಯೂ ಉಂಟು: ಮಧ್ವರ ದ್ವೈತದಲ್ಲಿ ಅರಿವಿನ ಪ್ರಾಮಾಣ್ಯವನ್ನು ಗ್ರಹಿಸುವುದು ಚೇತನವಾದ ಸಾಕ್ಷಿ. ಚಿಪ್ಪಿನಲ್ಲಿ ಸಾಕ್ಷಿ ಇಲ್ಲ, ಅದನ್ನು ಬಳಸುವವನಲ್ಲಿದೆ. ಹಾಗಾಗಿ ನಂಬಿಕೆಯ ಹೊಣೆಯೂ ಅವನದೇ.

ಆ ಹೊಣೆ ಏನೆಂದು ಬೆಲ್ಜಿಯಂನ ಒಂದು ಚುನಾವಣೆ ತೋರಿಸುತ್ತದೆ. 2003ರ ಮೇ 18ರಂದು ಸ್ಕಾರ್ಬೇಕ್‌ನಲ್ಲಿ ವಿದ್ಯುನ್ಮಾನ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚು ಬಿತ್ತು. ಅದು ಎರಡರ ಹನ್ನೆರಡನೆಯ ಘಾತ; ಸಾಫ್ಟ್‌ವೇರಿನಲ್ಲಿ ತಪ್ಪು ಸಿಗದೆ, ಒಂದು ಬಿಟ್ ತಾನಾಗಿ ಮಗುಚಿರಬೇಕು ಎಂಬ ತೀರ್ಮಾನಕ್ಕೆ ತಜ್ಞರು ಬಂದರು. ಆ ಸಂಖ್ಯೆ ಅಸಾಧ್ಯವಾಗಿತ್ತು, ಆದ್ದರಿಂದ ಸಿಕ್ಕಿಬಿತ್ತು. ಕೆಳಗಿನ ಬಿಟ್ ಮಗುಚಿ ನಾಲ್ಕು ಮತ ಮಾತ್ರ ಹೆಚ್ಚಿದ್ದರೆ ಬಾಧಕ ಹುಟ್ಟುತ್ತಿತ್ತೇ? ಅರಿವು ಸ್ವತಃ ಪ್ರಮಾಣ ಎಂಬ ಸ್ವತಃಪ್ರಾಮಾಣ್ಯಕ್ಕೆ ಇದಕ್ಕಿಂತ ಬಲವಾದ ಆಕ್ಷೇಪವಿಲ್ಲ: ಬಾಧಕ ಬಾರದ ತಪ್ಪೂ ತಪ್ಪೇ. ಉತ್ತರ ಇಷ್ಟೇ. ಸ್ವತಃಪ್ರಾಮಾಣ್ಯ ನಂಬುವ ಹಕ್ಕನ್ನು ಕೊಡುತ್ತದೆ, ನಂಬಿದ್ದು ನಿಜವಾಗಿಯೇ ಇರುತ್ತದೆ ಎಂಬ ಭರವಸೆಯನ್ನಲ್ಲ. ಬಾಧಕ ಬರುವವರೆಗೆ ನಂಬಬಹುದಾದರೆ, ಬಾಧಕ ಬರಲು ದಾರಿ ಬಿಟ್ಟಿರಬೇಕು: ಎಣಿಕೆಗೆ ಕಾಗದದ ಮತ, ಕಡತಕ್ಕೆ ಎರಡನೆಯ ಪ್ರತಿ, ಮೆಮೊರಿಗೆ ಕಾವಲು ಬಿಟ್.

ಈ ಮಾತು ಕುಮಾರಿಲನ ಸ್ವಂತ ಉದ್ದೇಶವನ್ನೂ ಮುಟ್ಟುತ್ತದೆ. ಅವನು ಈ ಸಿದ್ಧಾಂತ ಕಟ್ಟಿದ್ದು ವೇದಪ್ರಾಮಾಣ್ಯವನ್ನು ಉಳಿಸಲು. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ಕರ್ತೃದೋಷವಿಲ್ಲ. ಧರ್ಮದ ವಿಷಯಕ್ಕೆ ಬೇರೆ ಪ್ರಮಾಣಗಳು ತಲುಪವು, ಆದ್ದರಿಂದ ಬಾಧಕವೂ ಇಲ್ಲ. ಮೊದಲ ಹೆಜ್ಜೆಯನ್ನು ಒಪ್ಪುವುದು ಬಿಡುವುದು ಶ್ರದ್ಧೆಯ ಮಾತು. ಎರಡನೆಯದರಲ್ಲಿ ತರ್ಕ ಸಡಿಲವಾಗುತ್ತದೆ. ಪರೀಕ್ಷೆ ಮುಟ್ಟಲಾರದ ವಿಳಾಸದಲ್ಲಿ ದೋಷ ಕಾಣಲಿಲ್ಲ ಎನ್ನುವುದು ಆ ವಿಳಾಸದ ಪರವಾದ ಸಾಕ್ಷ್ಯವಾಗುವುದಿಲ್ಲ. ಗ್ರಂಥವಾಗಲಿ, ಗುರುವಾಗಲಿ, ಪರಂಪರೆಯಾಗಲಿ, ನಂಬಿಕೆಯಿಂದಲೇ ಶುರುಮಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ; ಬೇರೆ ರೀತಿಯಲ್ಲಿ ಶುರುಮಾಡಲು ಯಾರಿಗೂ ಸಾಧ್ಯವಿಲ್ಲ. ಆದರೆ ಪ್ರಶ್ನೆ ಕೇಳಬೇಡಿ ಎಂದು ಬಾಗಿಲು ಹಾಕಿಕೊಂಡವರು ಕುಮಾರಿಲನ ಹೆಸರು ಹೇಳುವಂತಿಲ್ಲ. ಬಾಧಕ ಬರುವವರೆಗೆ ಎಂಬ ಷರತ್ತಿನ ಮೇಲೇ ಅವನು ನಂಬಿಕೆಗೆ ಮೊದಲ ಮಣೆ ಹಾಕಿದ್ದು.