ಕೂತವರಿಗಷ್ಟೇ ಕೇಳುವ ಸದ್ದು

ಕನ್ನಡದಲ್ಲಿ ಕಿರಿಕಿರಿ ಎಂಬುದು ಸದ್ದಿನ ಹೆಸರೂ ಹೌದು, ಅದನ್ನು ಕೇಳಿದವರ ಮನಸ್ಸಿನ ಹೆಸರೂ ಹೌದು. ಸೈಕಲ್ ಸೀಟು ಕಿರ್ ಎಂದಾಗಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತದೆ. ನಾವು ನಿಲ್ಲಿಸಬೇಕು ಅನ್ನುವುದು ಯಾವುದನ್ನು? ಸದ್ದಿನ ಕಾರಣವನ್ನೋ, ಅದನ್ನು ಕೇಳಬೇಕಾದ ನಮ್ಮ ತೊಂದರೆಯನ್ನೋ?

ಬೀದರ್ ನಗರ ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲಿದೆ. ಭಾಲ್ಕಿ, ಔರಾದ್ ಕಡೆ ಹೋದರೆ ಕಪ್ಪು ಮಣ್ಣಿನ ಹೊಲಗಳು. ಬೇಸಿಗೆಯಲ್ಲಿ ಎರಡೂ ಬಣ್ಣದ ಧೂಳು ಸೈಕಲ್ಲಿನ ಸಂದುಗಳನ್ನು ಸೇರುತ್ತದೆ. ಹಳೆಯ ಮಾದರಿಯ ಸೀಟಿನ ಕೆಳಗೆ ಸ್ಪ್ರಿಂಗುಗಳಿರುತ್ತವೆ, ಅದನ್ನು ಬಿಗಿದ ಕ್ಲಾಂಪ್ ಇರುತ್ತದೆ, ಕ್ಲಾಂಪ್ ಕೂತಿರುವ ಕಂಬಿ ಫ್ರೇಮಿನ ಕೊಳವೆಯೊಳಗೆ ಇಳಿದಿರುತ್ತದೆ. ಇವುಗಳಲ್ಲಿ ಯಾವುದೇ ಎರಡು ಒಣಗಿ ಒಂದಕ್ಕೊಂದು ಉಜ್ಜಿದರೂ ಸದ್ದು ಬರುತ್ತದೆ.

ಈ ಸದ್ದು ಭಾರ ಬಿದ್ದಾಗ ಮಾತ್ರ ಹುಟ್ಟುತ್ತದೆ. ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಸೀಟನ್ನು ಅಂಗೈಯಿಂದ ಒತ್ತಿ, "ಎಲ್ಲಿ ಅದ್ರೀ ಆವಾಜ್?" ಎಂದು ಕೇಳುವ ಮಿಸ್ತ್ರಿಯನ್ನು ನಮ್ಮ ಕಡೆ ಯಾರು ಬೇಕಾದರೂ ಕಂಡಿರುತ್ತಾರೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜಕ್ಕೂ ಕೇಳಿಸುತ್ತಿಲ್ಲ. ಕೇಳಿಸಬೇಕಾದರೆ ಹತ್ತಿ ಕೂತು ನಾಲ್ಕು ಮಾರು ತುಳಿಯಬೇಕು. ಸೊಸೆಯ ಗೊಣಗಾಟ, ಹಾಸ್ಟೆಲ್ ಹುಡುಗರ ದೂರು, ಕೂಲಿಯವರ ಸಿಟ್ಟು ಇವನ್ನೆಲ್ಲ ನೋಡಿ "ನಮಗಂತೂ ಏನೂ ಕಾಣಲಿಲ್ಲ" ಎನ್ನುವವರೂ ಹಾಗೆಯೇ, ಬಹುಪಾಲು ಅಂಗೈಯಿಂದ ಒತ್ತಿ ನೋಡಿದವರು.

ಹಾಗಂತ ಕೂತವರು ಹೇಳಿದ್ದೇ ಕೊನೆಯ ಮಾತೂ ಅಲ್ಲ. ಪೆಡಲಿನ ಸದ್ದು ಫ್ರೇಮಿನ ಗುಂಟ ಮೇಲೇರಿ ಸೀಟಿನಡಿಯೇ ಹುಟ್ಟಿದಂತೆ ಕೇಳಿಸುವುದುಂಟು. ಪರೀಕ್ಷೆ ಸುಲಭ. ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಸೀಟಿನ ಮೇಲೆ ಅನುಮಾನ. ನಿಲ್ಲದಿದ್ದರೆ ಪೆಡಲು, ಕ್ರ್ಯಾಂಕು ನೋಡಬೇಕು. ನೋವಾಗಿದೆ ಎಂಬ ಮಾತನ್ನು ನಂಬಬೇಕು, ಕಾರಣ ಇಂಥದ್ದೇ ಎಂಬ ಮಾತನ್ನು ಪರೀಕ್ಷಿಸಬೇಕು. ಎರಡನೆಯದನ್ನು ಬಿಟ್ಟರೆ ಏನಾಗುತ್ತದೆಂದು ಬೀದರಿನ ಚರಿತ್ರೆಯೇ ಹೇಳುತ್ತದೆ. ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನ ಹೆಸರಿನಲ್ಲಿ ವಿರೋಧಿಗಳು ಖೊಟ್ಟಿ ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ವಿಚಾರಣೆ ನಡೆಸದೆ 1481ರಲ್ಲಿ ಅವನನ್ನು ಕೊಲ್ಲಿಸಿದ. ದೂರು ಕಿವಿಗೆ ಬಿತ್ತು, ಅದು ಎಲ್ಲಿಂದ ಹೊರಟಿತೆಂದು ಯಾರೂ ನೋಡಲಿಲ್ಲ.

ಇನ್ನು ಔಷಧದ ಮಾತು. ಮನೆಯಲ್ಲಿರುವ ಕುಸುಬೆ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟರೆ ಸದ್ದು ತಕ್ಷಣ ಅಡಗಬಹುದು. ಆದರೆ ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಆ ಅಂಟಿಗೆ ಧೂಳು ಕೂತು ಸದ್ದು ಮತ್ತೆ ಬರುತ್ತದೆ. ದೂರು ತಂದವರಿಗೆ ನಾವು ಆಡುವ ಸಮಾಧಾನದ ಮಾತೂ ಅನೇಕ ಸಲ ಇಂಥ ಎಣ್ಣೆಯೇ. ಸರಿಯಾದ ಕೆಲಸಕ್ಕೆ ಸ್ವಲ್ಪ ಹೊತ್ತು ಬೇಕು. ಪಾನಾ ಹಿಡಿದು ನಟ್ಟು ಸಡಿಲಿಸಿ, ಕಂಬಿ ಹೊರಗೆಳೆದು, ಬಟ್ಟೆಯಿಂದ ಧೂಳು, ತುಕ್ಕು ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಮತ್ತೆ ಬಿಗಿಯಬೇಕು. ಬೋಲ್ಟಿನ ಮರೆ ಹಾಳಾಗುವಷ್ಟು ಬಿಗಿಯಬಾರದು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಸದ್ದೇ ಮಾಡದ ಸೀಟು. ವರ್ಷಗಟ್ಟಲೆ ಗ್ರೀಸ್ ಕಾಣದ ಕಂಬಿ ಮಳೆಗೆ ತುಕ್ಕು ಹಿಡಿದು ಕೊಳವೆಯೊಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅದು ಅಲುಗುವುದಿಲ್ಲ, ಅಲುಗದ್ದರಿಂದ ಕಿರುಗುಟ್ಟುವುದೂ ಇಲ್ಲ. ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಯೋಜನೆಯಡಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಸಿಕ್ಕವು. ಎಂಟನೇ ತರಗತಿ ಎಂದರೆ ಮಕ್ಕಳು ಸರಸರನೆ ಎತ್ತರವಾಗುವ ವಯಸ್ಸು. ಹತ್ತಕ್ಕೆ ಬರುವ ಹೊತ್ತಿಗೆ ಸೀಟನ್ನು ಮೇಲೆತ್ತಲೇಬೇಕು. ಕಂಬಿ ಕಚ್ಚಿಕೊಂಡಿದ್ದರೆ ಆ ಮಗು ಮೊಣಕಾಲು ಮಡಚಿಕೊಂಡೇ ತುಳಿಯುತ್ತದೆ. ಸೈಕಲ್ ಮಾತ್ರ ನಿಶ್ಶಬ್ದ. ನಾವು ಅದನ್ನು ಚೆನ್ನಾಗಿದೆ ಎನ್ನುತ್ತೇವೆ.

ತುಟಿ ಬಿಚ್ಚದ ಮಕ್ಕಳಿರುವ ಮನೆಗಳನ್ನೂ ನಾವು ಹೀಗೆಯೇ ಹೊಗಳುತ್ತೇವೆ. ಅಲ್ಲಿ ಬೇಸರವೇ ಇಲ್ಲವೋ, ಅಥವಾ ಹೇಳಿ ಪ್ರಯೋಜನವಿಲ್ಲ ಎಂದು ತಿಳಿದು ಅವರು ಬಿಗಿದುಕೊಂಡಿದ್ದಾರೋ ಎಂದು ವಿಚಾರಿಸುವುದಿಲ್ಲ.

ಗ್ರೀಸಿನ ಬಗ್ಗೆ ನನಗೆ ಗೌರವವಿರುವುದು ಇದಕ್ಕಾಗಿಯೇ. ಅದು ಸದ್ದನ್ನೂ ನಿಲ್ಲಿಸುತ್ತದೆ, ಕಂಬಿ ಕಚ್ಚಿಕೊಳ್ಳದಂತೆಯೂ ಕಾಯುತ್ತದೆ. ಯಾರನ್ನಾದರೂ ಸಮಾಧಾನ ಮಾಡಿದೆವು ಅಂದುಕೊಂಡಾಗ ಒಂದು ವಿಷಯ ನೋಡಿಕೊಳ್ಳಬೇಕು. ನಾಳೆ ಅವರು ಬೆಳೆದು ಸೀಟು ಎತ್ತಬೇಕೆಂದು ಕೇಳಿದರೆ, ಅದು ಅಲುಗುತ್ತದೆಯೇ?